ಲಕೋಟೆ ನೋಡಿ ಕರ್ತನನ್ನು ಹೇಳಬಹುದೆ?

ಮಡಕೆ ಇದೆಯೆಂದರೆ ಕುಂಬಾರ ಇರಲೇಬೇಕು. ಜಗತ್ತೂ ಮಡಕೆಯಂತೆ ಒಂದು ಕಾರ್ಯ. ಅದಕ್ಕೂ ಒಬ್ಬ ಕರ್ತ ಇರಬೇಕು. ದೇವರಿದ್ದಾನೆಂದು ಸಾಧಿಸಲು ಮಿಥಿಲೆಯ ನೈಯಾಯಿಕ (ನ್ಯಾಯದರ್ಶನದ ಪಂಡಿತ) ಉದಯನಾಚಾರ್ಯ ‘ನ್ಯಾಯಕುಸುಮಾಂಜಲಿ’ಯಲ್ಲಿ ಹೂಡಿದ ವಾದಗಳ ಸಾಲಿನಲ್ಲಿ ಮೊದಲನೆಯದು ಇದೇ. ನಮ್ಮ ಸೋದರಮಾವನಿಗೆ ಈ ವಾದ ಅಂದರೆ ಪ್ರಾಣ. ಬೇತಮಂಗಲದ ಮನೆಯ ಜಗಲಿಯಲ್ಲಿ ಕೂತು ಎಷ್ಟು ಜನರ ಬಾಯಿ ಮುಚ್ಚಿಸಿದ್ದಾರೋ. ನನಗೆ ಮಾತ್ರ ಅದು ಎಲ್ಲೋ ಒಂದು ಕಡೆ ಸಾಲದು ಅನ್ನಿಸುತ್ತದೆ. ಹಾಗನ್ನಿಸಲು ಕಾರಣ ಶಾಸ್ತ್ರವಲ್ಲ, ನನ್ನ ಹೊಟ್ಟೆಪಾಡು.

ಬಂಗಾರಪೇಟೆಯಲ್ಲಿ ರೈಲು ಹತ್ತಿ ವೈಟ್‌ಫೀಲ್ಡಿನಲ್ಲಿ ಇಳಿದು ನಾನು ಮಾಡುವುದು ಸಂದೇಶ ಕಟ್ಟುವ ಕೆಲಸ. ಒಂದು ಊರಿನ ಕಂಪ್ಯೂಟರ್ ಇನ್ನೊಂದು ಊರಿನದಕ್ಕೆ ‘ಈ ಖಾತೆಯಲ್ಲಿ ಎಷ್ಟಿದೆ’ ಎಂದು ಕೇಳಬೇಕಾದರೆ ಮಾತನ್ನು ಒಂದು ಕ್ರಮದಲ್ಲಿ ಮಡಿಸಿ ಕಳಿಸಬೇಕು. ಹಳೆಯ ವೆಬ್ ಸರ್ವಿಸ್‌ಗಳು ಇವತ್ತಿಗೂ ನೆಚ್ಚಿಕೊಂಡಿರುವ ಕ್ರಮ ಸೋಪ್. ಹೊರಗೊಂದು ಲಕೋಟೆ, ಒಳಗೆ ಹೆಡರ್, ಅದರ ಕೆಳಗೆ ಬಾಡಿ. 2000ದಲ್ಲಿ ಬಂದ 1.1 ಆವೃತ್ತಿಗೂ 2003ರ 1.2ಕ್ಕೂ ಲಕೋಟೆಯ ಗುರುತೇ ಬೇರೆ. ಒಂದನ್ನು ಬಯಸುವವರಿಗೆ ಇನ್ನೊಂದನ್ನು ಕಳಿಸಿದರೆ ಒಳಗೆ ಏನಿದೆ ಅಂತಲೂ ನೋಡದೆ ವಾಪಸು ಮಾಡುತ್ತಾರೆ.

ಕೋಡಿನಲ್ಲಿ ಬೇಕಾದ ಕಡೆಯೆಲ್ಲ ನಾವೇ ಲಕೋಟೆ ಮಡಿಸುತ್ತಾ ಹೋದರೆ ಆವೃತ್ತಿ ಬದಲಾದ ದಿನ ಎಲ್ಲ ಕಡೆ ಕೈಯಿಡಬೇಕು. ಅದಕ್ಕೇ ಫ್ಯಾಕ್ಟರಿ ಕ್ಲಾಸ್. ಸಂದೇಶ ಹುಟ್ಟಿಸುವ ಕೆಲಸವನ್ನೆಲ್ಲ ಒಂದು ಕ್ಲಾಸಿಗೆ ವಹಿಸಿ, ಉಳಿದ ಕೋಡೆಲ್ಲ ಅದರ ಬಾಗಿಲಲ್ಲಿ ನಿಂತು ‘ಒಂದು ಸಂದೇಶ ಕೊಡು’ ಎಂದು ಕೇಳುವುದು. ಜಾವಾದಲ್ಲಿ ಇದಕ್ಕೆಂದೇ ಮೆಸೇಜ್‌ಫ್ಯಾಕ್ಟರಿ ಇದೆ. ಯಾವ ಆವೃತ್ತಿ ಎಂದು ಹೇಳಿದರೆ ಖಾಲಿ ಹೆಡರ್, ಖಾಲಿ ಬಾಡಿ ಇರುವ ಸಂದೇಶವನ್ನು ಕೈಗಿಡುತ್ತದೆ. ಅದು ನಿಜವಾಗಿ ಯಾವ ಕ್ಲಾಸಿನ ಕೂಸು ಎಂಬುದು ಕೇಳಿದವನಿಗೆ ಗೊತ್ತಾಗುವುದಿಲ್ಲ. ಗೊತ್ತಾಗಬಾರದು, ಏರ್ಪಾಟಿನ ಗುಣವೇ ಅದು. 1994ರಲ್ಲಿ ನಾಲ್ವರು ಸೇರಿ ಬರೆದ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕ ಇಂಥ ಏರ್ಪಾಟುಗಳಿಗೆ ಹೆಸರಿಟ್ಟ ಮೇಲೆ ನಮ್ಮ ಕಸುಬಿನವರಿಗೆಲ್ಲ ಇದು ಬಾಯಿಪಾಠ.

ಈಗ ಆ ಸಂದೇಶ ತಂತಿಯ ಆ ತುದಿ ಮುಟ್ಟಿತೆನ್ನಿ. ಅಲ್ಲಿಗೆ ತಲುಪಿದ್ದು ಬರೀ ಅಕ್ಷರ. ಅದನ್ನು ನನ್ನ ಫ್ಯಾಕ್ಟರಿ ಹುಟ್ಟಿಸಿತೋ, ಬೇರೆ ಭಾಷೆಯ ಬೇರೆ ಫ್ಯಾಕ್ಟರಿಯೋ, ಅಥವಾ ನಾನೇ ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡಿ ಕಳಿಸಿದೆನೋ? ಅಕ್ಷರಗಳು ಒಂದೇ ಆಗಿದ್ದರೆ ಪಡೆದವನು ಹೇಳಲಾರ. ಇಷ್ಟಕ್ಕೂ ಬಾಡಿ ತುಂಬಿದ್ದು ಒಂದು ಕ್ಲಾಸ್, ಹೆಡರ್ ಬರೆದದ್ದು ಇನ್ನೊಂದು, ದಾರಿಯಲ್ಲಿ ಒಂದು ಸಾಲು ಸೇರಿಸಿದ್ದು ಮೂರನೆಯವರ ಗೇಟ್‌ವೇ ಇರಬಹುದು.

“ಯಾರೋ ಒಬ್ಬ ಮಾಡಿದ್ದಂತೂ ಹೌದು ತಾನೇ?” ಅಂದರು ಇದನ್ನೆಲ್ಲ ಕೇಳುತ್ತಿದ್ದ ಮಾವ.

ಯಾರೋ ಮಾಡಿದ್ದು ಹೌದು. ಒಬ್ಬನೇ ಅಂತ ಹೇಗೆ ಹೇಳುವುದು? ಇದನ್ನು ನನಗಿಂತ ಬಹಳ ಮುಂಚೆ ಕೇಳಿದವರು ರಾಮಾನುಜರು. ಶ್ರೀಭಾಷ್ಯದಲ್ಲಿ ಅವರು ಕಾರ್ಯ ನೋಡಿ ಕರ್ತನನ್ನು ಊಹಿಸುವ ಈ ಅನುಮಾನಕ್ಕೇ ಕೈ ಹಾಕುತ್ತಾರೆ: ಭೂಮಿ, ಬೆಟ್ಟ ಎಲ್ಲ ಕಾರ್ಯಗಳೇ ಇರಲಿ, ಅವನ್ನೆಲ್ಲ ಒಂದೇ ಕಾಲಕ್ಕೆ ಒಬ್ಬನೇ ಮಾಡಿದ ಎನ್ನಲು ಆಧಾರವೇನು? ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಮಾಡಿರಬಾರದೇಕೆ? ದೇವರನ್ನು ತರ್ಕದಿಂದ ಕಾಣಲಾಗದು, ಶಾಸ್ತ್ರದಿಂದಲೇ ತಿಳಿಯಬೇಕು ಎಂಬುದು ಅವರ ನಿಲುವು. ದೇವರನ್ನು ನಂಬಿದ ಆಚಾರ್ಯರೇ ದೇವರ ಪರವಾದ ವಾದವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಒಡೆಯುವುದು ನನಗೆ ಬಹಳ ಇಷ್ಟ.

ಮಾವನಿಗೆ ಇಷ್ಟವಾಗಲಿಲ್ಲ. ಅವರಿಗೆ ನಮ್ಮ ಕೆರೆಯನ್ನೇ ತೋರಿಸಿದೆ. ಪಾಲಾರ್ ನದಿಗೆ ಅಡ್ಡಲಾದ ಈ ಏರಿಯನ್ನು ನೋಡಿ ಕಟ್ಟಿದವನನ್ನು ಊಹಿಸಿ ನೋಡೋಣ. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ, ಬಾಣ ಅರಸನ ನೆನಪು. ಒಡೆದ ಕೆರೆಯನ್ನು ಹತ್ತನೆಯ ಶತಮಾನದಲ್ಲಿ ನೊಳಂಬರು ಮತ್ತೆ ಕಟ್ಟಿಸಿದರು. ಹೊಯ್ಸಳರ ಕಾಲದಲ್ಲಿ ಮತ್ತೊಮ್ಮೆ ದುರಸ್ತಿ. ಕಳೆದ ಶತಮಾನದಲ್ಲಿ ಕೆಜಿಎಫ್‌ನ ಗಣಿಗಳಿಗೆ ಇಲ್ಲಿಂದಲೇ ನೀರು ಹೋಯಿತು. ಆಗ ಯಂತ್ರ ಕೂರಿಸಿದ ಕೈಗಳೇ ಬೇರೆ. ಉದಯನರ ಶತಮಾನದಲ್ಲೂ ಕೈ ಬಿದ್ದ ಏರಿ ಇದು, ಹೊಯ್ಸಳರೂ ಮುಟ್ಟಿದ ಏರಿ. ಈ ಯಾವ ಸಂಗತಿಯನ್ನೂ ಮಣ್ಣು ಹೇಳುವುದಿಲ್ಲ. ಹೇಳುವುದು ಕಲ್ಲಿನ ಮೇಲೆ ಕೊರೆದ ಶಾಸನ. ಅನುಮಾನ ಸೋತ ಕಡೆ ಶಬ್ದ, ಅಂದರೆ ಹೇಳಿಟ್ಟ ಮಾತು, ಪ್ರಮಾಣ.

ಸಂದೇಶದಲ್ಲೂ ಹಾಗೇ. ಕರ್ತ ಯಾರೆಂದು ತಿಳಿಯಲೇಬೇಕಾದಾಗ ಹೆಡರಿನಲ್ಲಿ ಡಿಜಿಟಲ್ ಸಹಿ ಹಾಕುತ್ತೇವೆ. 2004ರಲ್ಲಿ ವೆಬ್ ಸರ್ವಿಸ್‌ಗಳ ಭದ್ರತೆಗೆ ಅದಕ್ಕೊಂದು ಕ್ರಮವೇ ಬಂತು. ಒಂದು ಅಕ್ಷರ ತಿದ್ದಿದರೂ ಸಹಿ ಕೂಡುವುದಿಲ್ಲ. ಆದರೆ ಆ ಸಹಿ ಇಂಥವರದೇ ಅಂತ ಹೇಳುವವರು ಯಾರು? ಸರ್ಟಿಫಿಕೇಟ್. ಅದನ್ನು ನಂಬುವುದು ಹೇಗೆ? ಅದಕ್ಕೆ ಮೇಲಿನವರ ಸಹಿ. ಅವರಿಗೆ ಅವರ ಮೇಲಿನವರದು. ನೈಯಾಯಿಕರು ಹೆದರುವ ಅನವಸ್ಥೆ ಇದೇ, ಎಲ್ಲಾದರೂ ನಿಲ್ಲಲೇಬೇಕು. ನಿಲ್ಲುವುದು ರೂಟ್ ಸರ್ಟಿಫಿಕೇಟಿನಲ್ಲಿ. ಅದು ಜಾವಾದ ಜೊತೆಗೇ ನಮ್ಮ ಕಂಪ್ಯೂಟರಿಗೆ ಬಂದು ಕೂತಿರುತ್ತದೆ.

ಮಾವ ಕಿವಿ ನೆಟ್ಟಗೆ ಮಾಡಿದರು. “ಆ ರೂಟಿಗೆ ಸಹಿ ಯಾರದು?”

“ಅದರದೇ. ತನಗೆ ತಾನೇ ಹಾಕಿಕೊಂಡಿರುತ್ತೆ.”

“ತನಗೆ ತಾನೇ ಪ್ರಮಾಣ, ಸ್ವತಃಪ್ರಾಮಾಣ್ಯ! ಅಲ್ಲಪ್ಪಾ, ನನ್ನ ನ್ಯಾಯ ಬಿಡಿಸಿ ರಾಮಾನುಜರ ಹತ್ತಿರ ಕರೆದುಕೊಂಡು ಹೋದೆ, ಈಗ ನೋಡಿದರೆ ನೀನು ಮೀಮಾಂಸಕ. ವೇದಕ್ಕೆ ಅವರು ಹೇಳೋದೂ ಅದೇ ತಾನೇ?”

“ಪೂರ್ತಿ ಅದೇ ಅಲ್ಲ ಮಾವ. ಈ ರೂಟಿಗೆ ಅವಧಿ ಮುಗಿಯೋ ತಾರೀಖು ಇರುತ್ತೆ. ಆಮೇಲೆ ಹೊಸದು ಹಾಕಬೇಕು.”

“ಹಾಗಿದ್ರೆ ಮೀಮಾಂಸಕನೂ ಅಲ್ಲ ಬಿಡು,” ಎಂದು ಮಾವ ಕಾಫಿಗೆ ಒಳಗೆ ಕೂಗಿದರು.