ಒದಗಿದ ಹಸಿವು, ಕೈಕೊಂಡ ಉಪವಾಸ

ವ್ರತಿಕನ ಮುಂದಿರುವ ತಟ್ಟೆಯೂ ಬರಿದು, ಬಡವನ ಮುಂದಿರುವ ತಟ್ಟೆಯೂ ಬರಿದು. ಕಣ್ಣಿಗೆ ಇವೆರಡರಲ್ಲಿ ಭೇದ ಕಾಣದು. ಆದರೆ ಜಿನಾಗಮವು ಇವೆರಡನ್ನು ಒಂದೇ ಹೆಸರಿನಿಂದ ಕರೆದಿಲ್ಲ. ಸಂಪಾದನೆ ನಿಂತುಹೋದ ಮನೆಯಲ್ಲಿ, ಅದರಲ್ಲಿಯೂ ಎಳೆಯ ಕೂಸಿರುವ ಮನೆಯಲ್ಲಿ, ಹಿರಿಯರು ಊಟ ಬಿಟ್ಟರೆ ಅದನ್ನು ಉಪವಾಸವೆನ್ನಬಹುದೇ? ಅದರಿಂದ ಕರ್ಮನಿರ್ಜರೆಯಾದೀತೇ, ಇಲ್ಲವೆ ಹೊಸದೊಂದು ದೋಷವೇ ತಗಲೀತೇ? ಈ ಪ್ರಶ್ನೆ ಅನೇಕ ಶ್ರಾವಕ ಕುಟುಂಬಗಳಲ್ಲಿ ಮನಸ್ಸಿನೊಳಗೇ ಉಳಿದುಬಿಡುತ್ತದೆ. ಬಾಯಿಬಿಟ್ಟು ಕೇಳಲು ಸಂಕೋಚ, ಹೇಳಲು ನಾಚಿಕೆ.

2020ನೆಯ ಇಸವಿಯ ಮಾರ್ಚ್ 25, ಯುಗಾದಿಯ ದಿನ. ಕೋವಿಡ್ ರೋಗದ ಕಾರಣ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದದ್ದು ಅಂದೇ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳ ಅಂಗಡಿಗಳು ಬಾಗಿಲು ಹಾಕಿದವು, ಬಸ್ಸುಗಳು ನಿಂತವು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕಂಡ ಗಂಗಾವತಿಯ ಕಡೆ ಬತ್ತದ ಗದ್ದೆಗಳಿದ್ದರೆ, ಕುಷ್ಟಗಿ ಮತ್ತು ಯಲಬುರ್ಗಾದ ಕಡೆ ಮಳೆಯನ್ನೇ ನಂಬಿದ ಜೋಳ, ಸಜ್ಜೆಯ ಹೊಲಗಳು. ಈ ಒಣನೆಲದ ಊರುಗಳಿಂದ ಗುಳೆ ಹೋಗಿದ್ದವರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಹಿಂದಿರುಗಿದರು. ಹಳ್ಳಿಗೆ ಬಂದವರಿಗೆ ಉದ್ಯೋಗ ಖಾತ್ರಿಯ ಕೆರೆ, ಬದುಗಳ ಕೆಲಸವಾದರೂ ಇತ್ತು. ಆ ವರ್ಷ ಅದರ ದಿನಗೂಲಿ 275 ರೂಪಾಯಿ. ಪಟ್ಟಣದಲ್ಲಿ ಲೆಕ್ಕ ಬರೆದು, ಬಟ್ಟೆ ಅಳೆದು, ತಿಂಗಳ ಸಂಬಳದಲ್ಲಿ ಬಾಳುತ್ತಿದ್ದ ಗುಮಾಸ್ತನಿಗೆ ಅದೂ ದೊರೆಯಲಿಲ್ಲ. ಆ ಯೋಜನೆ ಗ್ರಾಮಗಳಿಗಷ್ಟೇ ಇದ್ದಿತು.

ಅಂಥ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಗಂಡ ಕೊಪ್ಪಳದಿಂದ ಗಂಗಾವತಿಯ ಒಂದು ಬಟ್ಟೆ ಅಂಗಡಿಗೆ ದಿನವೂ ಹೋಗಿ ಬರುತ್ತಿದ್ದವನು. ಅಂಗಡಿ ಮತ್ತೆ ತೆರೆದಾಗ ವ್ಯಾಪಾರ ಇಳಿದಿತ್ತು. ಮಾಲೀಕರು ಆಳುಗಳನ್ನು ಕಡಿಮೆ ಮಾಡಿದರು. ಮನೆಯಲ್ಲಿ ವೃದ್ಧೆಯಾದ ತಾಯಿ, ಹೆಂಡತಿ, ಒಂದೂವರೆ ವರ್ಷದ ಹೆಣ್ಣುಕೂಸು. ಪಡಿತರದ ಅಕ್ಕಿ ಬರುತ್ತಿತ್ತು. ಬೇಳೆ, ಎಣ್ಣೆ, ಹಾಲು, ಬಾಡಿಗೆ ಇವುಗಳಿಗೆ ದಾರಿಯಿರಲಿಲ್ಲ. ಒಂದು ಲೀಟರ್ ಹಾಲು ಅರ್ಧವಾಯಿತು, ಅರ್ಧವು ಕಾಲಾಯಿತು.

ಕೂಸಿಗೆ ಮಾತ್ರ ಇದೊಂದೂ ಗೊತ್ತಿಲ್ಲ. ಅಪ್ಪ ದಿನವಿಡೀ ಮನೆಯಲ್ಲಿರುವುದೇ ಅದಕ್ಕೆ ಹಬ್ಬ. ಬರಿದಾದ ಹಿಟ್ಟಿನ ಡಬ್ಬಿಯ ಮುಚ್ಚಳ ಬಡಿಯುವುದೇ ಅದರ ವಾದ್ಯ. ಗೋಡೆ ಹಿಡಿದು ತಪ್ಪುಹೆಜ್ಜೆ ಇಡುತ್ತ, ಕಿನ್ನಾಳದ ಮರದ ಗೊಂಬೆಯನ್ನು ಎಳೆದಾಡುತ್ತ, ದಿನಕ್ಕೆ ನಾಲ್ಕಾರು ಬಾರಿ ಹಸಿದು ಕೈಚಾಚುತ್ತದೆ. ಅಪ್ಪನ ಮುಖ ಬಾಡಿದ್ದರೆ ಹತ್ತಿರ ಬಂದು ಮೂಗು ಹಿಡಿದು ನಗುತ್ತದೆ. ತನ್ನ ಚಿಂತೆಯನ್ನು ಕೂಸಿನ ಮುಂದೆ ಕೋಪವಾಗಿ ಹರಿಯಗೊಡಬಾರದೆಂದು ಆತ ಪಟ್ಟ ಪ್ರಯಾಸ ಯಾವ ಬಾಹ್ಯತಪಸ್ಸಿಗೂ ಕಡಿಮೆಯಾದುದಲ್ಲ.

ಆ ಶ್ರಾವಣ ಭಾದ್ರಪದಗಳಲ್ಲಿ ಮನೆಯ ಸೊಸೆ ಹೆಚ್ಚು ಹೆಚ್ಚು ಉಪವಾಸ ಮಾಡತೊಡಗಿದಳು. ಮೊದಲು ಅಷ್ಟಮಿ, ಚತುರ್ದಶಿ, ಅನಂತರ ಪಂಚಮಿ, ಆಮೇಲೆ ಯಾವುದೋ ಹರಕೆ. ಡಬ್ಬಿಯಲ್ಲಿ ಹಿಟ್ಟು ಇಳಿದಂತೆಲ್ಲ ಪಂಚಾಂಗದಲ್ಲಿ ಪರ್ವಗಳು ಏರಿದವು. ಒಂದು ಮಧ್ಯಾಹ್ನ ಕೂಸು ತನ್ನ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಾಯಿಯ ಬಾಯಿಗೆ ಒತ್ತಿತು. ತಾಯಿ ಮುಖ ತಿರುಗಿಸಿದಳು. ಕೂಸು ಮತ್ತೊಮ್ಮೆ ಒತ್ತಿತು, ಮತ್ತೆ ತಿರುಗಿಸಿದಳು. ಕೂಸು ಅಳಲಾರಂಭಿಸಿತು. ನೋಡುತ್ತ ಕುಳಿತಿದ್ದ ಅತ್ತೆ ಕೇಳಿದಳು:

“ಇವತ್ತ ಅಷ್ಟಮೀನೂ ಅಲ್ಲ, ಚತುರ್ದಶೀನೂ ಅಲ್ಲ. ಯಾವ ಉಪವಾಸವ್ವಾ ಇದು?”

“ಸುಮ್ನ ಮನಸಿಗೆ ಅನಿಸ್ತರಿ, ಅತ್ತೆಮ್ಮ.”

“ಮನಸಿಗೆ ಅನಿಸ್ತೋ, ಡಬ್ಬಿ ನೋಡಿ ಅನಿಸ್ತೋ?”

ಸೊಸೆ ಉತ್ತರ ಕೊಡಲಿಲ್ಲ. ಅತ್ತೆಯ ಪ್ರಶ್ನೆಯೇ ಈ ವಿಚಾರದ ಬೀಗದ ಕೈ.

ರತ್ನಕರಂಡ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಚತುರ್ವಿಧ ಆಹಾರದ ತ್ಯಾಗವನ್ನು ಉಪವಾಸವೆಂದಿದ್ದಾರೆ. ಆ ದಿನ ಪಾಪಕಾರ್ಯ, ಅಲಂಕಾರ, ಗಂಧಪುಷ್ಪಾದಿಗಳ ಜೊತೆಗೆ ಆರಂಭವನ್ನೂ, ಎಂದರೆ ಉದ್ಯೋಗ ವ್ಯವಹಾರಗಳನ್ನೂ, ಬಿಡಬೇಕೆಂದು ವಿಧಿಸಿದ್ದಾರೆ. ಇಲ್ಲಿ ತ್ಯಾಗವೆಂಬ ಪದವೇ ಮುಖ್ಯ. ತ್ಯಜಿಸುವುದಕ್ಕೆ ತ್ಯಾಜ್ಯವಸ್ತು ಕೈಯಲ್ಲಿರಬೇಕು. ಇಲ್ಲವೆ ಬೇಕೆಂದರೆ ದೊರೆಯುವಂತಿರಬೇಕು. ಉದ್ಯೋಗವೇ ಕೈತಪ್ಪಿದವನು ಆರಂಭತ್ಯಾಗ ಮಾಡಿದೆನೆಂದು ಹೇಳಿಕೊಳ್ಳಲಾರ. ಅನ್ನ ಸಾಲದೆ ತಟ್ಟೆ ಸರಿಸಿದವಳು ಅನಶನ ಮಾಡಿದೆನೆಂದು ಹೇಳಿದರೆ, ಆ ನುಡಿ ಪ್ರೀತಿಯಿಂದ ಹುಟ್ಟಿದ್ದರೂ ಸತ್ಯಾಣುವ್ರತದ ಅಂಚನ್ನು ಮುಟ್ಟುತ್ತದೆ.

ಹಾಗಾದರೆ ವಿಧಿಯಿಲ್ಲದೆ ಸಹಿಸಿದ ಹಸಿವು ವ್ಯರ್ಥವೇ? ಆಗಮವು ಅಷ್ಟು ಕಠೋರವಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ದೇವಾಯುವಿನ ಆಸ್ರವಕ್ಕೆ ಹೇಳಿರುವ ಕಾರಣಗಳಲ್ಲಿ ಅಕಾಮನಿರ್ಜರೆಯೂ ಒಂದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ, ಸೆರೆಯಲ್ಲಿ ಬಂಧಿತನಾಗಿ ಇಚ್ಛೆಯಿಲ್ಲದಿದ್ದರೂ ಹಸಿವು ಬಾಯಾರಿಕೆಗಳನ್ನು ತಾಳಿ, ನೆಲದ ಮೇಲೆ ಮಲಗುವವನ ಸ್ಥಿತಿಯನ್ನು ತೋರಿಸುತ್ತಾರೆ. ಕೆಲಸ ಕಳೆದುಕೊಂಡ ಗೃಹಸ್ಥನ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ಗೋಡೆಗಳು ಮಾತ್ರ ಕಾಣುವುದಿಲ್ಲ. ಕ್ರೋಧವಿಲ್ಲದೆ, ಪರರ ಸೊತ್ತಿಗೆ ಕೈಯಿಡದೆ ಆತ ತಾಳಿದ ಹಸಿವಿಗೆ ಅದರದೇ ಫಲವುಂಟು. ಆದರೂ ಅದು ಸಂಕಲ್ಪಪೂರ್ವಕವಾದ ತಪಸ್ಸಿನ ಸ್ಥಾನವನ್ನು ಪಡೆಯದು. ಎರಡರ ಹೆಸರನ್ನು ಕಲಸಿದರೆ ತಪಸ್ಸಿಗೂ ಅನ್ಯಾಯ, ಹಸಿವಿಗೂ ಅನ್ಯಾಯ.

ಇಲ್ಲಿಯವರೆಗಿನದು ಹಿರಿಯರ ಮಾತಾಯಿತು. ಕೂಸಿನ ವಿಷಯ ಬಂದಾಗ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಎಂಟು ವರ್ಷ ತುಂಬದ ಮಗುವಿಗೆ ಸಂಯಮವನ್ನು ಸ್ವೀಕರಿಸುವ ಯೋಗ್ಯತೆಯನ್ನೇ ಆಗಮ ಹೇಳಿಲ್ಲ. ಅದರ ಪಾಲಿಗೆ ಯಾವ ತಿಥಿಯೂ ಪರ್ವವಲ್ಲ. ಇದಲ್ಲದೆ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧ, ವಧ, ಛೇದ, ಅತಿಭಾರಾರೋಪಣಗಳ ಜೊತೆಗೆ ಅನ್ನಪಾನನಿರೋಧವನ್ನೂ ಎಣಿಸಿದೆ. ತನ್ನನ್ನು ನಂಬಿದ ಜೀವಕ್ಕೆ ಹೊತ್ತಿಗೆ ಸರಿಯಾಗಿ ಅನ್ನನೀರು ದೊರೆಯದಂತೆ ಮಾಡುವುದೇ ಆ ದೋಷ. ಕಟ್ಟಿದ ಎತ್ತಿಗೂ ಸಲ್ಲುವ ಈ ಮಾತು ಹೆತ್ತ ಕೂಸಿಗೆ ಸಲ್ಲದೇ? ಎರಡು ವರ್ಷದವರೆಗೂ ಇತರ ಆಹಾರದ ಜೊತೆಗೆ ಎದೆಹಾಲು ಕೊಡಬೇಕೆಂದು ವೈದ್ಯರು ಹೇಳುತ್ತಾರೆ. ಹಾಲೂಡುವ ತಾಯಿ ಲೆಕ್ಕವಿಲ್ಲದೆ ಊಟ ಬಿಟ್ಟರೆ ಆಕೆ ಸೊರಗುತ್ತಾಳೆ. ಆಕೆಯನ್ನೇ ಆಶ್ರಯಿಸಿದ ಕೂಸೂ ಸೊರಗುವ ಭಯವುಂಟು. ತನಗೆಂದು ಕೈಕೊಂಡ ವ್ರತದ ಭಾರವನ್ನು ಒಪ್ಪಿಗೆ ಕೊಡಲಾರದ ಜೀವವೊಂದು ಹೊರಬೇಕಾಗಿ ಬಂದರೆ ಆ ವ್ರತವನ್ನು ಮರುವಿಚಾರ ಮಾಡಬೇಕು. ಷೋಡಶಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿಗನುಸಾರವಾಗಿ’ ಎಂಬ ಕಟ್ಟು ಇರುವುದು ಇದೇ ಕಾರಣಕ್ಕೆ.

ಆದಿನಾಥ ಸ್ವಾಮಿಯ ಚರಿತೆಯನ್ನು ಅಕ್ಷಯತೃತೀಯೆಯಂದು ಎಲ್ಲ ಮನೆಗಳಲ್ಲಿಯೂ ಸ್ಮರಿಸುತ್ತಾರೆ. 2020ರಲ್ಲಿ ಆ ತಿಥಿ ಏಪ್ರಿಲ್ 26ರಂದು, ಬಸದಿಗಳಲ್ಲಿ ಜನ ಕೂಡಲಾಗದ ಕಾಲದಲ್ಲಿ ಬಂದಿತ್ತು. ದೀಕ್ಷೆಯ ಬಳಿಕ ಸ್ವಾಮಿ ಆರು ತಿಂಗಳ ಅನಶನವನ್ನು ಸಂಕಲ್ಪಿಸಿ ನೆರವೇರಿಸಿದರು. ಆಮೇಲೆ ಆಹಾರಕ್ಕಾಗಿ ಹೊರಟಾಗ ಮತ್ತೂ ಸುಮಾರು ಆರು ತಿಂಗಳು ಆಹಾರ ದೊರೆಯಲಿಲ್ಲ. ಮೊದಲಿನ ಆರು ತಿಂಗಳು ಕೈಕೊಂಡದ್ದು. ಅನಂತರದ್ದು ಒದಗಿದ್ದು, ಅಲಾಭ ಪರೀಷಹ. ಸ್ವಾಮಿಯ ಸಮಭಾವ ಎರಡರಲ್ಲಿಯೂ ಒಂದೇ ಇದ್ದಿತು. ಆದರೆ ಜನರ ಹೊಣೆ ಒಂದೇ ಇರಲಿಲ್ಲ. ಜನ ಆನೆ ಕುದುರೆಗಳನ್ನು, ರತ್ನಗಳನ್ನು ತಂದೊಡ್ಡಿದರು. ಒಂದು ತುತ್ತು ಆಹಾರ ಕೊಡಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಹಸ್ತಿನಾಪುರದ ಶ್ರೇಯಾಂಸನಿಗೆ ಅದು ಹೊಳೆದು, ಆತ ಕಬ್ಬಿನ ಹಾಲನ್ನು ನೀಡಿ ದಾನತೀರ್ಥದ ಪ್ರವರ್ತಕನೆನಿಸಿದ. ಕೆಲಸವಿಲ್ಲದವನ ಮನೆಗೆ ಇಂದಿಗೂ ಬುದ್ಧಿವಾದದ ಆನೆ ಕುದುರೆಗಳು ಬರುತ್ತವೆ; ಕೂಸಿಗೆ ಅರ್ಧ ಲೀಟರ್ ಹಾಲು ಬೇಕಿತ್ತೆಂಬುದು ಎಷ್ಟು ಜನರಿಗೆ ಹೊಳೆಯುತ್ತದೆ?

ಕೊಪ್ಪಳದ ನೆಲಕ್ಕೆ ಈ ವಿವೇಕ ಹೊಸತೇನಲ್ಲ. ಪ್ರಾಚೀನ ಕೊಪಣವು ಮಹಾತೀರ್ಥವೆನಿಸಿದ್ದಿತು. ಪಾಲ್ಕಿಗುಂಡಿನ ಬಂಡೆಯ ಮೇಲೆ ವರಾಂಗಚರಿತದ ಕರ್ತೃವಾದ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬ ಭಕ್ತ ಕೊರೆಯಿಸಿದ್ದು ಈಗಲೂ ಕಾಣುತ್ತದೆ. ಸಲ್ಲೇಖನೆಯಿಂದ ದೇಹವನ್ನು ಇಳುಹಿದವರ ನೆನಪನ್ನು ಹೊತ್ತ ನೆಲವಿದು. ಆ ಸಲ್ಲೇಖನೆಗೂ ಸಮಂತಭದ್ರರು ಹಾಕಿದ ನಿಬಂಧನೆ ಗಮನಾರ್ಹ: ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪರಿಹಾರವಿಲ್ಲದವಾಗಿರಬೇಕು. ಬರಗಾಲದಲ್ಲಿಯೂ ಪರಿಹಾರವಿರುವತನಕ ಪರಿಹಾರವನ್ನೇ ಹುಡುಕಬೇಕೆಂಬುದು ಇದರ ತಾತ್ಪರ್ಯ. ನಿರುದ್ಯೋಗವು ಪರಿಹಾರವಿಲ್ಲದ ಸ್ಥಿತಿಯಲ್ಲ. ಆದ್ದರಿಂದ ಅದಕ್ಕೆ ಮದ್ದು ಉದ್ಯೋಗವೇ ಹೊರತು ಅನಶನವಲ್ಲ. ಅಸಿ, ಮಸಿ, ಕೃಷಿ, ವಿದ್ಯೆ, ಶಿಲ್ಪ, ವಾಣಿಜ್ಯ ಎಂಬ ಷಟ್ಕರ್ಮಗಳನ್ನು ಕಲಿಸಿದವರು ಆದಿನಾಥರೇ. ಮಸಿಯಿಂದ ಬದುಕಿದವನು ತಕ್ಕಡಿ ಹಿಡಿದರೆ ಕುಲಕ್ಕೆ ಕುಂದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಇದ್ದುದನ್ನು ಬಿಡುವುದೇ ವ್ರತವಾದರೆ ಬಡವನಿಗೆ ವ್ರತವೇ ಇಲ್ಲವೇ? ವ್ರತವು ಉಳ್ಳವರ ಒಡವೆಯೇ? ಹಾಗಲ್ಲ. ಮುನಿಯ ಪೂರ್ಣಾಹಾರ ಮೂವತ್ತೆರಡು ತುತ್ತೆಂದೂ ಅದರಲ್ಲಿ ಒಂದು ತುತ್ತು ಕಡಿಮೆ ಮಾಡಿದರೂ ಅವಮೌದರ್ಯ ತಪಸ್ಸೆಂದೂ ಶಾಸ್ತ್ರ ಹೇಳುತ್ತದೆ. ಒಂದೇ ರೊಟ್ಟಿಯಿದ್ದವನೂ ಒಂದು ಚೂರನ್ನು ತಿಳಿದು, ಒಪ್ಪಿ, ಸಂತೋಷದಿಂದ ಬಿಡಬಲ್ಲ. ಕೈಯಲ್ಲಿ ಕಾಸಿಲ್ಲದವನಿಗೂ ಬಿಡಲು ಬೇಕಾದಷ್ಟಿದೆ: ಹೆಂಡತಿಯ ಮೇಲೆ ಹರಿಹಾಯುವ ಮಾತು, ತೀರಿಸುವ ಮನಸ್ಸಿಲ್ಲದೆ ಮಾಡುವ ಸಾಲ, ಉಂಡವರನ್ನು ಕಂಡು ಹುಟ್ಟುವ ಮತ್ಸರ. ತಾನು ಬಿಟ್ಟದ್ದು ನಿಜವಾದ ವ್ರತವೇ ಎಂದು ಅರಿಯಲು ಮೂರು ಪ್ರಶ್ನೆಗಳು ಸಾಕು. ಬೇಕೆಂದಿದ್ದರೆ ಅದು ದೊರೆಯುತ್ತಿತ್ತೇ? ಬಿಟ್ಟುದರ ಭಾರ ಮತ್ತೊಂದು ಜೀವದ ಮೇಲೆ ಬಿತ್ತೇ? ಬಿಟ್ಟ ಮೇಲೆ ಮನಸ್ಸು ಧರ್ಮಧ್ಯಾನದಲ್ಲಿ ನಿಂತಿತೇ, ಆರ್ತಧ್ಯಾನದಲ್ಲಿ ಮುಳುಗಿತೇ?

ನೆರೆಯ ಶ್ರಾವಕರಿಗೂ ಇಲ್ಲಿ ವ್ರತವಿದೆ. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತೀಕರಣ, ವಾತ್ಸಲ್ಯಗಳು ಸೇರಿವೆ. ಸಹಧರ್ಮಿಯ ಕೊರತೆಯನ್ನು ಊರಿಗೆ ಸಾರದೆ ಮುಚ್ಚುವುದು, ಜಾರುವವನನ್ನು ನಿಲ್ಲಿಸುವುದು, ಆಕಳು ಕರುವನ್ನು ಪ್ರೀತಿಸುವಂತೆ ಪ್ರೀತಿಸುವುದು. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ಮಂತ್ರಿ ಹುಳ್ಳನು ಕೊಪಣದ ಮುನಿಸಂಘಕ್ಕೆ ದಾನ ನಿರಂತರ ನಡೆಯಲೆಂದು ಹೊನ್ನು ಕೊಟ್ಟು ಭೂಮಿಯನ್ನು ಒದಗಿಸಿದ ಸಂಗತಿ ಶಾಸನದಲ್ಲಿದೆ. ಮುನಿಗಳಿಗೆ ಆಹಾರದಾನವನ್ನು ಇಷ್ಟು ದೂರದೃಷ್ಟಿಯಿಂದ ಕಲ್ಪಿಸಿದ ಸಮಾಜವು, ಮುನಿಗೆ ಆಹಾರ ನೀಡಬೇಕಾದ ಗೃಹಸ್ಥನ ಒಲೆಯೇ ಆರಿದಾಗ ಸುಮ್ಮನಿರಬಹುದೇ? ಗೃಹಸ್ಥನ ಒಲೆ ಉರಿದರೆ ತಾನೇ ಮುನಿಯ ಅಂಜಲಿಗೆ ಅನ್ನ.

ಆ ಮನೆಯಲ್ಲಿ ಅಂದು ಅತ್ತೆ ಸೊಸೆಯನ್ನು ಬಯ್ಯಲಿಲ್ಲ. ತನ್ನ ತಟ್ಟೆಯ ರೊಟ್ಟಿಯನ್ನು ಎರಡು ಮಾಡಿ ಒಂದನ್ನು ಆಕೆಯ ಮುಂದಿಟ್ಟಳು. “ನಾ ಊನೋದರ ಮಾಡತೀನಿ, ನೀ ಉಣ್ಣು. ನಿನ್ನ ಪರ್ವ ಕೂಸಿಗೆ ಹಲ್ಲು ಬಂದ ಮ್ಯಾಲ,” ಎಂದಳು. ಸಂಜೆ ಮಗನನ್ನೂ ಕೂಡಿಸಿಕೊಂಡು ಮನೆಯ ಕೊರತೆಯನ್ನು ಮೂವರೂ ಬಾಯಿಬಿಟ್ಟು ಮಾತಾಡಿದರು. ಮರೆಮಾಚಿದ ಹಸಿವು ಮಾತಾದಾಗ ಅರ್ಧ ಇಳಿಯಿತು. ಆ ವರ್ಷದ ದಶಲಕ್ಷಣ ಪರ್ವ ಆಗಸ್ಟ್ 23ಕ್ಕೆ ಮೊದಲಾಗುವ ಹೊತ್ತಿಗೆ ಮಗ ಸಂಕೋಚ ಬಿಟ್ಟು ಒಂದು ದಲ್ಲಾಳಿ ಅಂಗಡಿಯಲ್ಲಿ ತೂಕದ ಕೆಲಸಕ್ಕೆ ನಿಂತಿದ್ದ. ನೆರೆಯ ಮನೆಯವರೊಬ್ಬರು ಕೂಸಿಗೆಂದು ದಿನವೂ ಹಾಲು ಕಳಿಸುತ್ತಿದ್ದರು; ಯಾರೆದುರಿಗೂ ಅದನ್ನು ಹೇಳಿಕೊಂಡವರಲ್ಲ. ಸೊಸೆ ಆ ಹತ್ತು ದಿನಗಳಲ್ಲಿ ಒಂದು ಹೊತ್ತೂ ಊಟ ಬಿಡಲಿಲ್ಲ. ಪ್ರತಿದಿನ ಒಂದು ಧರ್ಮದ ಪಾಠವನ್ನು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಓದಿದಳು. ಸ್ವಾಧ್ಯಾಯವೂ ತಪಸ್ಸೇ, ಅದು ಅಂತರಂಗ ತಪಸ್ಸು.

ಅನಂತಚತುರ್ದಶಿಯಂದು ಕೂಸು ಮತ್ತೆ ರೊಟ್ಟಿಯ ಚೂರನ್ನು ತಾಯಿಯ ಬಾಯಿಗೆ ಒತ್ತಿತು. ತಾಯಿ ಬಾಯಿ ತೆರೆದು ಆ ತುತ್ತನ್ನು ಸ್ವೀಕರಿಸಿದಳು. ಅಂದು ಉಣ್ಣದವರ ವ್ರತ ಎಷ್ಟು ನಿರ್ಮಲವೋ, ಆಕೆ ಉಂಡ ತುತ್ತೂ ಅಷ್ಟೇ ನಿರ್ಮಲ.