ಸಿಸ್ಟರ್ ಅಂತ ಕರೆದರೆ

ಉಪ್ಪುಂದದಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದಾಗ ನಾನು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಸೆಕೆಂಡ್ ಪಿಯುಸಿ ಮುಗಿಸಿ ಬಿಎಸ್ಸಿ ನರ್ಸಿಂಗ್ ಸೀಟಿಗೆ ಕಾಯುತ್ತಿದ್ದಳು.

"ಅಣ್ಣ, ಕುಂದಾಪ್ರದಲ್ ಒಂದ್ ನರ್ಸಿಂಗ್ ಹೋಮಿಗೆ ಹುಡ್ಗಿಯರ್ ಬೇಕಂಬ್ರ್. ವಾರ್ಡ್ ಕೆಲ್ಸ. ಕಾಲೇಜ್ ಶುರು ಆಪ್ವರಿಗೆ ಹೋಪುದಾ?"

"ಹೋಗು ಮಾರಾಯ್ತಿ, ಎಕ್ಸ್‌ಪೀರಿಯೆನ್ಸ್ ಆಗುತ್ತೆ" ಅಂದೆ. ನಮ್ಮ ಫೀಲ್ಡಿನ ರೆಡಿಮೇಡ್ ಉತ್ತರ ಅದು. ರಕ್ತ ಕಂಡರೆ ತಲೆ ತಿರುಗುತ್ತೆ ಅನ್ನೋದು ನಾಲ್ಕು ವರ್ಷದ ಕೋರ್ಸಿನ ಮಧ್ಯೆ ಗೊತ್ತಾಗೋದಕ್ಕಿಂತ ನಾಲ್ಕು ತಿಂಗಳಲ್ಲೇ ಗೊತ್ತಾದರೆ ಲಾಭ ತಾನೆ?

ಫ್ಲಾರೆನ್ಸ್ ನೈಟಿಂಗೇಲ್ ಕೂಡ ಇದನ್ನೇ ಕೇಳಿದ್ದಳು. 1845ರಲ್ಲಿ ಸಾಲ್ಸ್‌ಬರಿಯ ಆಸ್ಪತ್ರೆಗೆ ಹೋಗಿ ಕೆಲವು ತಿಂಗಳು ಕೆಲಸ ಕಲಿಯುತ್ತೇನೆ ಅಂದಾಗ ಮನೆಯವರು ಬಿಡಲಿಲ್ಲ. ಮರ್ಯಾದಸ್ಥರ ಮನೆಯ ಹುಡುಗಿ ಮಾಡುವ ಕೆಲಸವೇ ಅದು? ಕೊನೆಗೆ ಜರ್ಮನಿಯ ಕೈಸರ್ಸ್‌ವರ್ಥ್‌ನಲ್ಲಿ ತರಬೇತಿಗೆ ಸೇರಿದ್ದು 1851ರಲ್ಲಿ. ನಮ್ಮ ಕಡೆ ಯಾರೂ ಹಾಗೆ ತಡೆಯಲಿಲ್ಲ. ತಡೆಯುವಷ್ಟು ದೊಡ್ಡ ಮನೆತನವೂ ನಮ್ಮದಲ್ಲ.

ನನ್ನಮ್ಮನೇ ಆಯಾ ಆಗಿದ್ದಳು. ಬೆಳಗಿನ ಮೊದಲ ಬಸ್ಸಿಗೆ ಕುಂದಾಪುರಕ್ಕೆ ಹೋಗಿ ಬೆಡ್‌ಪ್ಯಾನ್ ತೊಳೆದು, ಹೆರಿಗೆಯ ಬಟ್ಟೆ ಒಗೆದು, ರಾತ್ರಿ ಡೆಟ್ಟಾಲ್ ವಾಸನೆ ಹೊತ್ತು ಬರುತ್ತಿದ್ದಳು. ನನ್ನ ಬಿಇ ಫೀಸಿನಲ್ಲಿ ಅರ್ಧ ಆ ದುಡ್ಡು. ಕಾಲೇಜಿನ ಫಾರ್ಮಿನಲ್ಲಿ ತಾಯಿಯ ಉದ್ಯೋಗ ಅಂತಿದ್ದ ಕಡೆ ನಾನು ಬರೆದದ್ದು 'ಗೃಹಿಣಿ'. ಹಾಗಿದ್ದೂ ತಂಗಿಗೆ ಮಾತ್ರ 'ಹೋಗು' ಅಂತ ಧಾರಾಳವಾಗಿ ಹೇಳಿದೆ. ಅವಳಿಗೆ ಅದು ಮೆಟ್ಟಿಲು, ಹತ್ತಿ ದಾಟಿ ಹೋಗಬಹುದು. ಅಮ್ಮನಿಗೆ ಅಲ್ಲಿಂದ ಮೇಲೆ ಮೆಟ್ಟಿಲೇ ಇರಲಿಲ್ಲ.

ಕೆಲಸಕ್ಕೆ ಸೇರಿದವಳಿಗೆ ಬಿಳಿ ಕೋಟು ಕೊಟ್ಟರು. ಪೇಷಂಟುಗಳು ಮೊದಲ ದಿನದಿಂದಲೇ 'ಸಿಸ್ಟರ್' ಅಂದರು. ಎರಡನೇ ತಿಂಗಳು, ಜೋರು ಮಳೆಯ ಒಂದು ರಾತ್ರಿ, ಎರಡು ಮಹಡಿಗೆ ಇದ್ದ ಒಬ್ಬಳೇ ನರ್ಸ್ ಕೆಳಗೆ ಹೆರಿಗೆ ಕೇಸಿನಲ್ಲಿ. ಮೇಲೆ ಒಬ್ಬರು ಅಜ್ಜಿಯ ಡ್ರಿಪ್ ಮುಗಿಯುತ್ತಾ ಬಂದಿತ್ತು. 'ಟೇಬಲ್ ಮೇಲಿರೋ ಬಾಟಲಿ ಹಾಕು, ನೋಡಿದ್ದೀಯಲ್ಲ' ಅಂತ ನರ್ಸ್ ಫೋನಿನಲ್ಲೇ ಹೇಳಿದಳು. ಇವಳು ಹಾಕಿದಳು. ಏನೂ ಆಗಲಿಲ್ಲ.

ನಾನು ಊರಿಗೆ ಹೋಗಿದ್ದ ಭಾನುವಾರ ಇದನ್ನೆಲ್ಲ ಖುಷಿಯಲ್ಲಿ ಹೇಳಿದಳು. ನಾನು 'ಸೂಪರ್' ಅಂದೆ. ಅಮ್ಮ ಮೀನು ಕೊಯ್ಯುತ್ತಿದ್ದಳು, ತಲೆ ಎತ್ತಲಿಲ್ಲ.

"ಬಾಟ್ಲಿ ಮೇಲ್ ಎಂತ ಬರ್ದಿತ್ತ್, ಓದಿದ್ಯಾ?"

"ಇಲ್ಲ ದೊಡ್ಡಮ್ಮ. ಎಲ್ಲ ಒಂದೇ ತರ ಇತ್ತಲ್ದಾ."

"ಆ ಅಜ್ಜಿ ಕೈ ನೀಡ್ಕಂಡ್ ಮಲ್ಗಿದ್ದ್ ಸಿಸ್ಟರಿಗೆ. ನಿಂಗಲ್ಲ."

ನಾನು ವಾದಕ್ಕಿಳಿದೆ. ಯಾರಿಗೂ ತೊಂದರೆ ಆಗಲಿಲ್ಲವಲ್ಲ? ಯಾವ ನರ್ಸಿಗಾದರೂ ಮೊದಲ ಪೇಷಂಟ್ ಅಂತ ಒಬ್ಬರು ಇರಲೇಬೇಕಲ್ಲ? ವಾದವೇನೋ ಸರಿಯಾಗೇ ಇತ್ತು. ಆದರೆ ನಾವು ಶುಕ್ರವಾರ ಸಂಜೆ ಟೆಸ್ಟ್ ಮಾಡದ ಕೋಡನ್ನು ಪ್ರೊಡಕ್ಷನ್ನಿಗೆ ಹಾಕಿ, ಸರ್ವರ್ ಬೀಳಲಿಲ್ಲ ಅಂದಮಾತ್ರಕ್ಕೆ ಮಾಡಿದ್ದು ಸರಿ ಅಂತ ಯಾವ ಮ್ಯಾನೇಜರೂ ಒಪ್ಪಲ್ಲ. ನಮಗಾದರೂ ರೋಲ್‌ಬ್ಯಾಕ್ ಇದೆ. ನರ್ಸಿಂಗ್ ಕಾಲೇಜಿನಲ್ಲಿ ಮೊದಲು ಗೊಂಬೆಯ ಮೇಲೆ, ಆಮೇಲೆ ಟೀಚರ್ ಪಕ್ಕದಲ್ಲಿ ನಿಂತಿರುವಾಗ ಕಲಿಸುತ್ತಾರೆ. ಪಾಸಾಗಿ, ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಿದ ಮೇಲೆ ಒಬ್ಬಳೇ. ಅಮೆರಿಕದ ನರ್ಸಿಂಗ್ ಹೋಮುಗಳಲ್ಲಿ ಸಹಾಯಕಿಯಾಗುವುದಕ್ಕೂ ಕನಿಷ್ಠ 75 ಗಂಟೆ ತರಬೇತಿ ಆಗಬೇಕು. ಇಲ್ಲಿ ಒಂದು ಕೋಟು ಸಾಕಾಯಿತು. ಅಜ್ಜಿ ನಂಬಿದ್ದು ಆ ಕೋಟನ್ನೇ. ಡ್ರಿಪ್ ಸರಿಯಾಗಿ ಇಳಿದರೂ ಆ ನಂಬಿಕೆಗೆ ಮೋಸ ಆಗಿಯೇ ಇತ್ತು ಅಂತ ಒಪ್ಪೋಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಹಾಗಂತ ತಪ್ಪೆಲ್ಲ ಇವಳ ತಲೆಗೆ ಕಟ್ಟೋದೂ ಅನ್ಯಾಯ. ಎರಡು ಮಹಡಿಗೆ ಒಬ್ಬಳೇ ನರ್ಸ್ ಸಾಕು ಅಂದವರು ಆ ರಾತ್ರಿ ಮನೆಯಲ್ಲಿ ನಿದ್ದೆ ಮಾಡುತ್ತಿದ್ದರು. ಹದಿನೆಂಟರ ಹುಡುಗಿ ನಡುರಾತ್ರಿ 'ಆಗೋದಿಲ್ಲ' ಅನ್ನಬೇಕು ಅಂತ ಹೇಳೋದು ಹಗಲಿನಲ್ಲಿ ಕೂತವರಿಗೆ ಸುಲಭ.

"ನೀನು ಯಾವತ್ತೂ ಹೀಗೆ ಮಾಡಿಲ್ವಾ?" ಅಂತ ಅಮ್ಮನನ್ನು ಕೇಳಿದೆ.

"ಮಾಡಿದ್ದೆ. ಒಂದ್ಸಲ." ಅಷ್ಟೇ. ಮೀನಿನ ಪಾತ್ರೆ ಎತ್ತಿಕೊಂಡು ಬಾವಿಕಟ್ಟೆಗೆ ಹೋದಳು. ಆಮೇಲೆ ಕೇಳುವ ಧೈರ್ಯ ನನಗೂ ಬರಲಿಲ್ಲ.

ತಂಗಿ ಕೆಲಸ ಬಿಡಲಿಲ್ಲ. ಮುಂದಿನ ವಾರ ಮತ್ತೆ ಅದೇ ಫೋನ್ ಬಂದಾಗ 'ನಂಗೆ ಬತ್ತಿಲ್ಲ ಸಿಸ್ಟರ್, ನೀವೇ ಬನ್ನಿ' ಅಂದಳಂತೆ. ನರ್ಸ್ ಬೈಯುತ್ತಾ ಮೆಟ್ಟಿಲು ಹತ್ತಿ ಬಂದು, ಬಾಟಲಿ ಬದಲಿಸಿ, ಬೈಯುತ್ತಲೇ ಇಳಿದು ಹೋದಳಂತೆ. ಮಂಚದ ಮೇಲಿದ್ದ ಅದೇ ಅಜ್ಜಿ ಇವಳ ಮುಖ ನೋಡಿ, "ನೀನ್ ಸಿಸ್ಟರ್ ಅಲ್ದಾ?" ಅಂತ ಕೇಳಿದ್ದಾರೆ.

"ಅಲ್ಲ ಅಜ್ಜಿ. ಆಯಾ."

"ಹಂಗಾರೆ ಒಂಚೂರ್ ಬಿಸ್ನೀರ್ ತಾ ಮಗಾ, ಗಂಟ್ಲ್ ಒಣಗಿತ್."