ಹಾವಿಗಿಂತ ಮುಂಚೆ ಕಟ್ಟಿಗೆ

ಮಳೆಗೆ ನೆನೆದು ಬಂದವರು ಫ್ಯಾನಿನ ಕೆಳಗೆ ಕೂತುಕೊಳ್ಳಬೇಡಿ, ಜ್ವರ ಬರ್ತದೆ. ಹಿಂದೆ ನಿಂತವರು ಮುಂದೆ ಬನ್ನಿ, ಜಾಗ ಉಂಟು.

ಇವತ್ತಿನ ವಾಕ್ಯಭಾಗ ಅಪೊಸ್ತಲರ ಕೃತ್ಯಗಳು 28ನೇ ಅಧ್ಯಾಯ, 1ರಿಂದ 10ನೇ ವಚನ. ತೆರೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಓದುವವರು ಓದಿ, ಡೇಟಾ ಮಾತ್ರ ಆಫ್ ಮಾಡಿ.

ಹಿನ್ನೆಲೆ ನಿಮಗೆ ಗೊತ್ತುಂಟು. ಪೌಲನು ಕೈದಿ, ಅವನನ್ನು ರೋಮಾಪುರಕ್ಕೆ ಸಾಗಿಸುತ್ತಿದ್ದಾರೆ. ಅಲೆಕ್ಸಾಂದ್ರಿಯದ ಹಡಗು, ಒಳಗೆ ಗೋಧಿ. 14 ರಾತ್ರಿ ಬಿರುಗಾಳಿ. ಹಡಗಿನಲ್ಲಿ ಒಟ್ಟು 276 ಜನ ಅಂತ ಲೂಕನು ಲೆಕ್ಕ ಬರೆದಿಟ್ಟಿದ್ದಾನೆ, 27:37 ನೋಡಿ. ಹಡಗು ಒಡೆದುಹೋಯಿತು. ಈಜು ಬರುವವರು ಈಜಿದರು, ಬಾರದವರು ಹಲಗೆ ಹಿಡಿದುಕೊಂಡು ದಡ ಸೇರಿದರು. ಒಬ್ಬನೂ ಸಾಯಲಿಲ್ಲ. ದಡಕ್ಕೆ ಬಂದ ಮೇಲೆ ಗೊತ್ತಾಯಿತು, ಇದು ಮೆಲೀತೆ ದ್ವೀಪ ಅಂತ. ಇವತ್ತಿನ ಮಾಲ್ಟಾ.

ಈ ಭಾಗದ ಮೇಲೆ ನೀವು ಎಷ್ಟು ಪ್ರಸಂಗ ಕೇಳಿದ್ದೀರಿ? ಎಲ್ಲದರಲ್ಲಿಯೂ ಹಾವು. ನಿನ್ನ ಕೈಗೆ ಸುತ್ತಿಕೊಂಡ ಹಾವನ್ನು ಇವತ್ತು ಝಾಡಿಸು, ಆಮೆನ್! ಒಳ್ಳೆಯ ಪ್ರಸಂಗವೇ. ನಾನೂ ಗಟ್ಟಿಯಾಗಿ ಆಮೆನ್ ಹೇಳಿದ್ದೇನೆ. ಆದರೆ ಆ ಹಾವು ಎಲ್ಲಿಂದ ಬಂತು? ಕಟ್ಟಿಗೆಯ ಹೊರೆಯಿಂದ. ಆ ಹೊರೆ ಯಾರು ತಂದದ್ದು? ಪೌಲ. ಮೂರನೇ ವಚನ. ಅಪೊಸ್ತಲ, ಮೂರನೇ ಆಕಾಶದವರೆಗೆ ಎತ್ತಲ್ಪಟ್ಟವನು, ಹೊಸ ಒಡಂಬಡಿಕೆಯ ಅನೇಕ ಪತ್ರಿಕೆಗಳನ್ನು ಬರೆದವನು, ಮಳೆಯಲ್ಲಿ ಬಗ್ಗಿ ಪುಳ್ಳೆ ಆರಿಸುತ್ತಾ ಇದ್ದಾನೆ. ನಮಗೆ ಹಾವು ಝಾಡಿಸುವ ಅಭಿಷೇಕ ಬೇಕು. ಪುಳ್ಳೆ ಆರಿಸುವ ಅಭಿಷೇಕಕ್ಕೆ ಯಾರೂ ಉಪವಾಸ ಮಾಡಿದ್ದು ನಾನು ನೋಡಿಲ್ಲ.

ಇದನ್ನು ಈ ತಿಂಗಳಲ್ಲಿ ಮಾತಾಡಬೇಕು ಅಂತ ನನ್ನ ಮನಸ್ಸಿನಲ್ಲಿ ಇತ್ತು. ಯಾಕೆಂದರೆ ಜುಲೈ 31ಕ್ಕೆ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದಿದೆ. ಎರಡು ತಿಂಗಳು ಒಂದಕ್ಕೊಂದು ತಾಗಿಕೊಂಡು ನಿಂತಿದ್ದ ಬೋಟುಗಳು ದಕ್ಕೆಯಿಂದ ಮತ್ತೆ ಹೊರಟಿವೆ. ಊರಿಗೆ ಹೋಗಿದ್ದ ಕೆಲಸದವರು ವಾಪಸ್ ಬರ್ತಾ ಇದ್ದಾರೆ. ಆಂಧ್ರ, ತಮಿಳುನಾಡು, ಒಡಿಶಾ, ಜಾರ್ಖಂಡ್, ಎಲ್ಲ ಕಡೆಯವರು. ಬೆಳಗ್ಗೆ ನಾಲ್ಕಕ್ಕೆ ಬಂದರಿನಲ್ಲಿ ಐಸ್ ಲಾರಿ, ಬುಟ್ಟಿ ಹೊತ್ತ ಹೆಂಗಸರು, ಏಲಂ ಕೂಗು. ಬೆಂಗ್ರೆಯಿಂದ ಶಾಲೆಗೆ, ಕೆಲಸಕ್ಕೆ ಬರುವವರು ದೋಣಿಯಲ್ಲಿ ಈಚೆಗೆ ಬರಬೇಕು. ಸುಲ್ತಾನ್ ಬತ್ತೇರಿಯ ಕಡವಿನಲ್ಲಿ ಭಾನುವಾರ ಬಂತೆಂದರೆ ತಣ್ಣೀರುಬಾವಿಗೆ ಹೋಗುವ ಜನ, ಸೆಲ್ಫಿ ತೆಗೆಯುವ ಮಕ್ಕಳು. ಒಂದು ಕಡೆ ನೇತ್ರಾವತಿ, ಒಂದು ಕಡೆ ಫಲ್ಗುಣಿ, ಎದುರಿಗೆ ಅಳಿವೆ, ಆಚೆ ಕಡಲು. ಹೊಯಿಗೆ ಬಜಾರ್, ಬೋಳಾರ, ಬೋಳೂರು, ಕುದ್ರೋಳಿ, ನಮ್ಮಲ್ಲಿ ಅರ್ಧ ಜನರ ಮನೆಯಿಂದ ನೀರಿಗೆ ನಡೆದುಹೋಗುವಷ್ಟೇ ದೂರ. ನೀರಿನ ಪಕ್ಕ ಬದುಕುವವರಿಗೆ ಸುರಕ್ಷತೆ ಅನ್ನುವುದು ದೊಡ್ಡ ಪದ ಅಲ್ಲ. ಮಗು ಸಂಜೆ ಆರಕ್ಕೆ ಮನೆಗೆ ಬಂತಾ, ಅಷ್ಟೇ.

ಈಗ ನಾವು ಎಂತ ಮಾಡ್ತೇವೆ? 91ನೇ ಕೀರ್ತನೆ ಓದ್ತೇವೆ. ಸ್ಟೇಟಸ್ ಹಾಕ್ತೇವೆ. ತಪ್ಪಲ್ಲ, ನಾನು ದಿನಾ ಓದುವ ಕೀರ್ತನೆ ಅದು. ಆದರೆ ಆ ಕೀರ್ತನೆ ಇನ್ನೊಬ್ಬನಿಗೂ ಬಾಯಿಪಾಠ ಇತ್ತು. ಮತ್ತಾಯ 4ರಲ್ಲಿ ಸೈತಾನನು ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ ಅದೇ ಕೀರ್ತನೆ ಹೇಳಿ, ಹಾರು ಅಂದ. ಯೇಸು ಹಾರಲಿಲ್ಲ. ಕಾಪಾಡುವ ದೇವರು ಇದ್ದಾನೆ ಅಂತ ಅಂಚಿನಲ್ಲಿ ಬೇಲಿ ಇಲ್ಲದೆ ಬಿಡುವುದು ವಿಶ್ವಾಸ ಅಲ್ಲ, ಅದು ದೇವರನ್ನು ಪರೀಕ್ಷಿಸುವುದು. ಧರ್ಮೋಪದೇಶಕಾಂಡ 22:8ರಲ್ಲಿ ದೇವರು ಮನೆ ಕಟ್ಟುವವನಿಗೆ ಮಾಳಿಗೆಗೆ ಪ್ಯಾರಪೆಟ್ ಗೋಡೆ ಕಟ್ಟಲಿಕ್ಕೆ ಹೇಳಿದ್ದಾನೆ. ಯಾಕೆ? ಬೇರೆಯವನು ಬಿದ್ದರೆ ಆ ರಕ್ತ ನಿನ್ನ ಮನೆಯ ಮೇಲೆ ಬರುತ್ತದೆ ಅಂತ. ನೀನು ಬೀಳ್ತೀಯ ಅಂತ ಅಲ್ಲ. ಬೇರೆಯವನು.

ಮೆಲೀತೆಗೆ ವಾಪಸ್ ಬರೋಣ. ಎರಡನೇ ವಚನದಲ್ಲಿ ಆ ದ್ವೀಪದವರಿಗೆ ಗ್ರೀಕಿನಲ್ಲಿ ಲೂಕನು ಬಳಸುವ ಪದ ಬಾರ್ಬರೋಯಿ. ಅಂದರೆ ನಮ್ಮ ಭಾಷೆ ಬಾರದವರು, ನಾಗರಿಕತೆ ಇಲ್ಲದವರು ಅಂತ ದೊಡ್ಡ ಊರಿನವರು ಎಣಿಸುವ ಜನ. ಆದರೆ ಅವರು ತೋರಿಸಿದ ದಯೆ ಸಾಮಾನ್ಯವಾದದ್ದಲ್ಲ ಅಂತ ಅವನೇ ಬರೆಯುತ್ತಾನೆ. ಮಳೆ, ಚಳಿ. ಅವರು ಬೆಂಕಿ ಹಚ್ಚಿದರು, ಎಲ್ಲರನ್ನೂ ಸೇರಿಸಿಕೊಂಡರು. 276 ಜನರಿಗೆ, ಮಳೆಯಲ್ಲಿ, ಬೆಂಕಿ! ನಮ್ಮ ಅಜ್ಜಿಯಂದಿರನ್ನು ಕೇಳಿ. ಮೇ ತಿಂಗಳಲ್ಲೇ ಕಟ್ಟಿಗೆ, ಮಡಲು, ಕೊತ್ತಳಿಗೆ ಒಣಗಿಸಿ ಕೊಟ್ಟಿಗೆಗೆ ಹಾಕದಿದ್ದರೆ ಆಟಿ ತಿಂಗಳಲ್ಲಿ ಒಲೆ ಉರಿಯುವುದಿಲ್ಲ. ಹಾಗಾದರೆ ಆ ಮೊದಲ ಬೆಂಕಿಗೆ ಒಣ ಕಟ್ಟಿಗೆ ಎಲ್ಲಿಂದ ಬಂತು? ಯಾರದ್ದೋ ಮನೆಯೊಳಗಿಂದ ಬಂದಿರಬೇಕು. ವಾಕ್ಯದಲ್ಲಿ ಬರೆದಿಲ್ಲ, ಇದು ನನ್ನ ಯೋಚನೆ. ಚಳಿಗಾಲಕ್ಕೆ ಅಂತ ಇಟ್ಟದ್ದನ್ನು ಯಾರೋ ಹೊತ್ತು ತಂದಿದ್ದಾರೆ, ಹೆಸರು ಗೊತ್ತಿಲ್ಲದ ಕೈದಿಗಳಿಗೆ, ಸೈನಿಕರಿಗೆ.

ಮತ್ತೆ ಗಮನಿಸಿ, ಅವರು ವಿಶ್ವಾಸಿಗಳಲ್ಲ. ಅಪೊಸ್ತಲನು ಚಳಿ ಕಾಯಿಸಿಕೊಂಡದ್ದು ಅನ್ಯಜನರು ಹಚ್ಚಿದ ಬೆಂಕಿಯಲ್ಲಿ. ನಮ್ಮ ನೆರೆಯವರು ಯಾರು? ಮೊಗವೀರರು, ಬ್ಯಾರಿಗಳು, ಕೊಂಕಣಿ ಕಥೋಲಿಕರು. ನೀರಿನಲ್ಲಿ ಯಾರಾದರೂ ಕಾಲು ಜಾರಿದರೆ ಮೊದಲು ಓಡಿ ಬರುವುದು ಅವರೇ, ಯಾಕೆಂದರೆ ಅವರಿಗೆ ನೀರು ಗೊತ್ತು. ಪೌಲನು ಆ ಬೆಂಕಿಯಿಂದ ದೂರ ಕೂತು, ನಾನು ಪ್ರತ್ಯೇಕಿಸಲ್ಪಟ್ಟವನು ಅಂತ ಹೇಳಲಿಲ್ಲ. ಅವರ ಬೆಂಕಿಗೆ ತನ್ನ ಪುಳ್ಳೆ ಹಾಕಿದ.

ಈಗ ಹಾವಿಗೆ ಬರುವಾ. ಹಾವು ಕಚ್ಚಿದ ತಕ್ಷಣ ಅದೇ ಒಳ್ಳೆಯ ಜನ ಎಂತ ಹೇಳಿದರು? ನಾಲ್ಕನೇ ವಚನ. ತಮ್ಮ ತಮ್ಮೊಳಗೇ ಮಾತಾಡಿಕೊಂಡರು, ಇವನು ಕೊಲೆಗಾರನೇ ಸರಿ ಅಂತ. ಪೌಲನನ್ನು ಕೇಳಲಿಲ್ಲ. ಶತಾಧಿಪತಿಯನ್ನು ಕೇಳಲಿಲ್ಲ. ನೋಡಿದ್ದು ಒಂದು, ತೀರ್ಮಾನ ಇನ್ನೊಂದು. ಬಹಳ ಹೊತ್ತು ಕಾದು, ಸಾಯಲಿಲ್ಲ ಅಂತ ಕಂಡಾಗ, ಇವನು ದೇವರು ಅಂದರು. ಎರಡೂ ಸುಳ್ಳು. ಮಾರಾಯ್ರೆ, ಇದು ನಮ್ಮ ಏರಿಯಾದ ವಾಟ್ಸಾಪ್ ಗ್ರೂಪ್ ಅಲ್ವಾ?

ನಗಬೇಡಿ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಒಬ್ಬ ಯುವಕನನ್ನು ಮಕ್ಕಳ ಕಳ್ಳ ಅಂತ ಹೊಡೆದು ಕೊಂದರು. ಅದೇ ವರ್ಷ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಗೆಳೆಯರ ಜೊತೆ ತಿರುಗಾಡಲಿಕ್ಕೆ ಬಂದಿದ್ದ ಹೈದರಾಬಾದಿನ ಸಾಫ್ಟ್‌ವೇರ್ ಇಂಜಿನಿಯರ್. ಶಾಲೆ ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದು ತಪ್ಪಾಯಿತು. ಅವರು ಕಾರಿನಲ್ಲಿ ಹೊರಡುವಷ್ಟರಲ್ಲಿ ವಿಡಿಯೋ ಮುಂದಿನ ಊರಿಗೆ ತಲುಪಿತ್ತು. ಆ ತಿಂಗಳೇ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಅಂತ ಕಡಿವಾಣ ಹಾಕಿತು. ಕಂಪನಿ ಬೆರಳನ್ನು ಹಿಡಿಯಬಹುದು. ನಾಲಿಗೆಯನ್ನು?

ಹೋದ ವರ್ಷ ನಮ್ಮ ಗ್ರೂಪಿನಲ್ಲಿಯೂ ಒಂದು ಫೋಟೋ ಬಂದಿತ್ತು, ನಿಮ್ಮಲ್ಲಿ ಕೆಲವರಿಗೆ ನೆನಪುಂಟು. ಶಾಲೆಯ ಗೇಟಿನ ಹತ್ತಿರ ಒಬ್ಬ ಹುಡುಗ, ಲುಂಗಿ, ಕೈಯಲ್ಲಿ ಚೀಲ. ಕೆಳಗೆ ಬರೆದದ್ದು, ಎಚ್ಚರ, ಎರಡು ದಿನದಿಂದ ತಿರುಗ್ತಾ ಇದ್ದಾನೆ. ಹತ್ತು ನಿಮಿಷದಲ್ಲಿ ನಲವತ್ತು ಮೆಸೇಜ್. ಹಿಡಿಯಿರಿ, ಕಟ್ಟಿಹಾಕಿ ಅಂತ. ನಮ್ಮ ಸಭೆಯ ಒಬ್ಬ ತಂಗಿ, ಡಿಗ್ರಿ ಎರಡನೇ ವರ್ಷ, ಅವಳು ಗ್ರೂಪಿನಲ್ಲಿ ಒಂದೇ ಒಂದು ಪ್ರಶ್ನೆ ಹಾಕಿದಳು, ಯಾರಾದರೂ ಅವನ ಹತ್ತಿರ ಮಾತಾಡಿದ್ದೀರಾ? ಯಾರೂ ಇಲ್ಲ. ಅವಳು ಅವಳ ಅಪ್ಪನನ್ನು ಕರೆದುಕೊಂಡು ದಕ್ಕೆಗೆ ಹೋದಳು. ಅವನು ಒಡಿಶಾದವನು, ಬೋಟಿನ ಕೆಲಸಕ್ಕೆ ಬಂದವನು. ತಾಯಿಗೆ ಹುಷಾರಿಲ್ಲ, ಊರಿಗೆ ಹಣ ಕಳಿಸಬೇಕು, ಹಣ ಕಳಿಸುವ ಅಂಗಡಿ ಶಾಲೆಯ ಎದುರು. ಎರಡು ದಿನವೂ ಸರ್ವರ್ ಇರಲಿಲ್ಲ. ಅಷ್ಟೇ ವಿಷಯ.

ಆ ತಂಗಿ ಅವತ್ತು ಯಾವ ಹಾವನ್ನೂ ಝಾಡಿಸಲಿಲ್ಲ. ನಡೆದುಕೊಂಡು ಹೋಗಿ ಕೇಳಿದಳು. ನಿಜವಾಗಿಯೂ ಸಂಶಯ ಇದ್ದರೆ 112ಕ್ಕೆ ಫೋನ್ ಮಾಡಿ, ಪೊಲೀಸರು ವಿಚಾರಿಸಲಿ, ಅದಕ್ಕೇ ಅವರಿರುವುದು. ಮಗುವಿಗೆ ತೊಂದರೆ ಅಂತ ಗೊತ್ತಾದರೆ 1098. ಮಕ್ಕಳ ವಿಷಯದಲ್ಲಿ ಸುಮ್ಮನಿರಿ ಅಂತ ನಾನು ಹೇಳ್ತಾ ಇಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಫೋನ್ ಮಾಡುವುದು ಬೇರೆ, ಫೋಟೋ ಹಾಕಿ ಜನ ಸೇರಿಸುವುದು ಬೇರೆ.

ಈಗ ನಮ್ಮ ಪುಳ್ಳೆಗಳು. ಯೂತ್‌ನವರು ಸರಿಯಾಗಿ ಕೇಳಿ. ಕಡವಿನ ಹತ್ತಿರ, ಮೀನು ಇಳಿಸುವ ಮೆಟ್ಟಿಲಿನ ಹತ್ತಿರ, ಮಳೆಗಾಲದಲ್ಲಿ ಪಾಚಿ. ಜಾರಿದರೆ ಹಿಡಿಯಲಿಕ್ಕೆ ಎಂತದೂ ಇಲ್ಲ. ಅಲ್ಲಿ ಒಂದು ಉದ್ದ ಹಗ್ಗ ಬೇಕು. ಹಗ್ಗದ ತುದಿಗೆ ಐದು ಲೀಟರಿನ ಕ್ಯಾನ್ ಕಟ್ಟಿ, ಎಸೆಯಲಿಕ್ಕೆ ಭಾರ ಸಿಗುವ ಹಾಗೆ ಸ್ವಲ್ಪವೇ ನೀರು, ಮುಚ್ಚಳ ಗಟ್ಟಿ. ಮುಳುಗುವವನಿಗೆ ಅದೇ ಹಲಗೆ. ಈಜು ಬರ್ತದೆ ಅಂತ ತಕ್ಷಣ ಹಾರಬೇಡಿ ಬ್ರದರ್. ಮುಳುಗುವವನು ಹೆದರಿಕೆಯಲ್ಲಿ ಕುತ್ತಿಗೆಗೆ ಜೋತುಬೀಳುತ್ತಾನೆ, ಒಂದು ಮನೆಯ ಅಳು ಎರಡು ಮನೆಯದ್ದಾಗುತ್ತದೆ. ಮೊದಲು ಕೂಗಿ, ಕೋಲು ಚಾಚಿ, ಹಗ್ಗ ಎಸೆಯಿರಿ. ಕಡಲಿನಲ್ಲಿ ನೀರು ಒಳಗೆ ಎಳೆದರೆ ದಡದ ಕಡೆಗೆ ಹೋರಾಡಬೇಡಿ, ಸುಸ್ತಾಗ್ತೀರಿ. ಪಕ್ಕಕ್ಕೆ, ದಡಕ್ಕೆ ಸಮವಾಗಿ ಈಜಿ, ಎಳೆತ ಬಿಟ್ಟ ಮೇಲೆ ಒಳಗೆ ಬನ್ನಿ. ಕೋಸ್ಟ್ ಗಾರ್ಡ್ ನಂಬರ್ 1554, ಕರಾವಳಿ ಕಾವಲು ಪೊಲೀಸರದ್ದು 1093. ಈಗಲೇ ಸೇವ್ ಮಾಡಿ. ಹ್ಞಾಂ, ಡೇಟಾ ಆಫ್ ಇದ್ದರೂ ಸೇವ್ ಆಗ್ತದೆ.

ದೀಪ ಉರಿಯದ ಕಂಬ ಉಂಟಲ್ಲ, ಮೀನಿನ ಹೆಂಗಸರು ನಸುಕಿನಲ್ಲಿ ನಡೆಯುವ ಓಣಿಯಲ್ಲಿ, ಅದರ ಫೋಟೋ ತೆಗೆದು ಪಾಲಿಕೆಗೆ ದೂರು ಕೊಡಿ. ಒಂದು ಸಲ ಆಗದಿದ್ದರೆ ಎರಡು ಸಲ. ಲೂಕ 18ರ ವಿಧವೆಯನ್ನು ಪ್ರಾರ್ಥನೆಗೆ ಮಾತ್ರ ಬಳಸಬೇಡಿ, ಅವಳು ಹೋದದ್ದು ಊರಿನ ನ್ಯಾಯಾಧಿಪತಿಯ ಬಾಗಿಲಿಗೆ!

ಒಂದು ಕಷ್ಟದ ಮಾತು ಹೇಳಬೇಕು. ಮೆಲೀತೆಯಲ್ಲಿ 276ರಲ್ಲಿ 276 ದಡ ಸೇರಿದರು. ಯಾವಾಗಲೂ ಹಾಗೆ ಆಗುವುದಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು, ಏಳು ಜನ. ಮನೆಯವರು ಕಾದರು. ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಬೀದಿಗಿಳಿದು, ಹುಡುಕಿ ಕೊಡಿ ಅಂತ ಹೆದ್ದಾರಿಯಲ್ಲಿ ಕೂತರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕಡಲಿನಲ್ಲಿ ಬೋಟಿನ ಅವಶೇಷ ಸಿಕ್ಕಿತು. ಆ ಮನೆಗಳಲ್ಲಿಯೂ ಪ್ರಾರ್ಥನೆ ನಡೆದಿತ್ತು. ವಿಶ್ವಾಸ ಕಡಿಮೆಯಾಯಿತು ಅಂತ ಯಾರಾದರೂ ಅಂಥವರ ಅಂಗಳದಲ್ಲಿ ನಿಂತು ಹೇಳಿದರೆ, ಅವನು ಪೌಲನ ಪಕ್ಷದವನಲ್ಲ, ನಾಲ್ಕನೇ ವಚನದವನು. ಅಂಥ ಮನೆಗೆ ಗಂಜಿ ತೆಗೆದುಕೊಂಡು ಹೋಗಿ. ಮಕ್ಕಳ ಫೀಸ್ ಕೇಳಿ. ವಚನ ಹೇಳಲೇಬೇಕು ಅಂತ ಇಲ್ಲ.

ಹತ್ತನೇ ವಚನ ಓದಿ ಮುಗಿಸ್ತೇನೆ. ಪೊಪ್ಲಿಯನು ಮೂರು ದಿನ ಮನೆಯಲ್ಲಿಟ್ಟು ಉಪಚರಿಸಿದ. ಅವನ ತಂದೆಗೆ ಜ್ವರ, ರಕ್ತಭೇದಿ. ಪೌಲನು ಕೈಯಿಟ್ಟು ಪ್ರಾರ್ಥಿಸಿದ, ವಾಸಿಯಾಯಿತು, ಹಲ್ಲೆಲೂಯಾ! ಸ್ವಸ್ಥತೆಯ ಸೇವೆ ಬಂತು ನೋಡಿ, ಆದರೆ ಯಾವಾಗ? ಬೆಂಕಿ ಕಾಯಿಸಿಕೊಂಡು, ಊಟ ಮಾಡಿ, ಮನೆಯೊಳಗೆ ಬಂದ ಮೇಲೆ. ಮೂರು ತಿಂಗಳು ಕಳೆದು ಹೊರಡುವಾಗ ದ್ವೀಪದವರು ದಾರಿಗೆ ಬೇಕಾದದ್ದನ್ನೆಲ್ಲ ತಂದು ಹಡಗಿಗೆ ಹಾಕಿದರು. ಕೊಲೆಗಾರ ಅಂದ ಅದೇ ಜನ.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ.

ತಂದೆಯೇ, ಇವತ್ತು ರಾತ್ರಿ ಅಳಿವೆ ದಾಟುವ ಬೋಟುಗಳನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ. ಭಾಷೆ ಬಾರದ ಊರಿನಲ್ಲಿ ಬಲೆ ಎಳೆಯುವ ಹುಡುಗರನ್ನು, ಅವರ ದಾರಿ ಕಾಯುವ ತಾಯಂದಿರನ್ನು ನೆನಪಿಸಿಕೋ. ನಸುಕಿನಲ್ಲಿ ಬುಟ್ಟಿ ಹೊತ್ತು ನಡೆಯುವ ನಮ್ಮ ಅಕ್ಕಂದಿರನ್ನು ಕಾಪಾಡು. ನಮ್ಮ ಬೆರಳುಗಳನ್ನು, ನಮ್ಮ ನಾಲಿಗೆಯನ್ನು ಪವಿತ್ರಾತ್ಮನೇ ನೀನು ಆಳು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.

ಹಗ್ಗಕ್ಕೆ ಮತ್ತು ಕ್ಯಾನಿಗೆ ಹೆಸರು ಕೊಡುವವರು ಬಾಗಿಲ ಹತ್ತಿರ ಇರುವ ಪುಸ್ತಕದಲ್ಲಿ ಬರೆಯಿರಿ. ಶನಿವಾರ ಸಂಜೆ ನಾಲ್ಕೂವರೆಗೆ ಕಡವಿನಲ್ಲಿ ಸೇರುವುದು. ದೋಣಿಯವರ ಹತ್ತಿರ ನಾನು ಮಾತಾಡಿದ್ದೇನೆ, ಎಲ್ಲಿ ಕಟ್ಟಬೇಕು ಅಂತ ಅವರೇ ತೋರಿಸ್ತಾರೆ.